ಕಾಗದದಲ್ಲಿ ಇಲ್ಲದವರು

ಕೊಕ್ಕರ್ಣೆಯ ಆಸುಪಾಸಿನ ಒಂದು ಹಳೆಯ ಬಂಟರ ಮನೆ. ತೋಟದ ಮೂಲೆಯಲ್ಲಿರುವ ತುಂಡು ಜಾಗವನ್ನು ಮಾರುವುದೆಂದು ನಿಶ್ಚಯವಾಗಿ, ಸರ್ವೆಯವರು ಬರುವ ಮುನ್ನಾದಿನ ಕಾಗದಪತ್ರದ ಪೆಟ್ಟಿಗೆ ಒಳಕೋಣೆಯಿಂದ ಜಗಲಿಗೆ ಬಂತು. ಮನೆಯ ಹಿರಿಯರಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಓದಿ ಹೇಳಲು ಕುಳಿತವಳು ಅವರ ತಂಗಿಯ ಮೊಮ್ಮಗಳು. ಬೆಂಗಳೂರಿನಲ್ಲಿ ಕೆಲಸ, ಸಹಿ ಹಾಕಿ ಮರುದಿನದ ರಾತ್ರಿ ಬಸ್ಸಿಗೆ ಹೊರಡುವ ಲೆಕ್ಕದಲ್ಲಿ ಬಂದವಳು.

ಪೆಟ್ಟಿಗೆಯ ತಳದಲ್ಲಿ 1950ರ ದಶಕದ ವಿಭಾಗಪತ್ರವಿತ್ತು. ಮಡಿಕೆಯಲ್ಲಿ ಹರಿದಿದ್ದರೂ ಅಕ್ಷರ ಮಾಸಿರಲಿಲ್ಲ. ಅದರ ಎರಡನೆಯ ಪುಟದಲ್ಲಿ ಹುಡುಗಿ ತಡೆದು ನಿಂತಳು.

"ಅಜ್ಜಯ್ಯ, ಈ ದೊಡ್ಡ ಮಾವಂಗೆ ಐದ್ ಮಕ್ಳ್ ಅಲ್ದಾ? ಇಲ್ಲಿ ನಿಸ್ಸಂತತಿ ಅಂತ್ ಬರ್ದಿರಲೆ?"

"ಮಕ್ಳ್ ಹೆಂಡ್ತಿ ಮನಿದ್ ಹೆಣೆ. ಈ ಮನಿದಲ್ಲ" ಎಂದರು ಹಿರಿಯರು, ಎಲೆಗೆ ಸುಣ್ಣ ಸವರುತ್ತಾ.

ಐದು ಮಕ್ಕಳ ತಂದೆ ಕಾಗದದಲ್ಲಿ ಸಂತತಿಯಿಲ್ಲದವನಾಗುವ ಈ ಲೆಕ್ಕಕ್ಕೆ ಅಳಿಯಸಂತಾನ ಎಂದು ಹೆಸರು. ಅದರ ಹುಟ್ಟಿನ ಕತೆಯೂ ದೂರದ್ದಲ್ಲ. ಕೊಕ್ಕರ್ಣೆಯ ಬದಿಯಲ್ಲಿ ಹರಿಯುವ ಸೀತಾನದಿ ಪಶ್ಚಿಮಕ್ಕೆ ನೀಲಾವರವನ್ನು ದಾಟಿ ಬಾರಕೂರಿನತ್ತ ಹೋಗುತ್ತದೆ. ಆ ಬಾರಕೂರಿನಲ್ಲಿ ದೇವಪಾಂಡ್ಯನೆಂಬ ಅರಸನಿದ್ದನಂತೆ. ಅವನ ಹೊಸ ಹಡಗು ನೀರಿಗಿಳಿಯಬೇಕಾದರೆ ಮಗನನ್ನು ಬಲಿ ಕೊಡಬೇಕೆಂದು ಕುಂಡೋದರನೆಂಬ ಭೂತ ಕೇಳಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ. ಅರಸನ ತಂಗಿ ತನ್ನ ಮಗನನ್ನು ತಂದು ನಿಲ್ಲಿಸಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ಅವನೇ ಭೂತಾಳಪಾಂಡ್ಯನಾದ. ಆಸ್ತಿ ಮಕ್ಕಳಿಗಲ್ಲ, ಅಳಿಯನಿಗೆ ಎಂಬ ಕಟ್ಟು ಅಂದಿನಿಂದ ಬಂತು. ಕತೆ ಹೇಳುವವರು ಅದಕ್ಕೆ ಕ್ರಿ.ಶ. 77 ಎಂಬ ಇಸವಿಯನ್ನೂ ಕೊಡುತ್ತಾರೆ. ಇತಿಹಾಸಕಾರರು ಆ ಇಸವಿಯನ್ನು ಒಪ್ಪುವುದಿಲ್ಲ. ಅದಿರಲಿ, ಕತೆಯಲ್ಲಿ ಹೆತ್ತವಳ ಒಪ್ಪಿಗೆ ಹೇಳಿದ್ದಾರೆಯೇ ಹೊರತು ಹುಡುಗನನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

ಈ ಕಟ್ಟಿನಲ್ಲಿ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು ಸೇರಿ ಒಂದು ಕವರು. ಕುಟುಂಬದ ಆಸ್ತಿಯನ್ನು ನೋಡಿಕೊಳ್ಳುವವನು ಯಜಮಾನ, ಸಾಮಾನ್ಯವಾಗಿ ಸೋದರಮಾವ. ಪಾಲು ಮಾಡಿಕೊಡಿ ಎಂದು ಒಬ್ಬ ಸದಸ್ಯ ಹಟ ಹಿಡಿದರೆ ಪಾಲಾಗದು ಎಂಬ ನಿಲುವನ್ನು ಮದ್ರಾಸ್ ಹೈಕೋರ್ಟು 1860ರ ದಶಕದಲ್ಲೇ ತಳೆದಿತ್ತು. ಪಾಲಿಗೆ ದಾರಿ ತೆರೆದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ. ಅದರ ಪ್ರಕಾರ ಐವತ್ತು ತುಂಬದ ಒಬ್ಬ ಹೆಂಗಸಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ. ಸಂತತಿ ಕವರು ಇರುವ ಮನೆಯಲ್ಲಿ ನಿಸ್ಸಂತತಿಯವರಿಗೆ ದಕ್ಕುವುದು ಜೀವಮಾನದ ಅನುಭೋಗ ಮಾತ್ರ. ದೊಡ್ಡ ಮಾವನ ಕವರಿನಲ್ಲಿ ಉಳಿದಿದ್ದವರು ಅವರೂ, ಐವತ್ತು ದಾಟಿದ, ಮಕ್ಕಳಿಲ್ಲದ ಒಬ್ಬ ತಂಗಿಯೂ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಲೆಕ್ಕ ಬದಲಾಯಿತು. ನಿಸ್ಸಂತತಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಜೀವಶಾಸ್ತ್ರ ಓದಿದವರಿಗೆ ಈ ಲೆಕ್ಕ ಅಪರಿಚಿತವೇನಲ್ಲ. ನಮ್ಮ ಜೀವಕೋಶಗಳೊಳಗಿನ ಮೈಟೊಕಾಂಡ್ರಿಯಕ್ಕೆ ತನ್ನದೇ ಆದ ಡಿಎನ್‌ಎ ಇದೆ, ಅದು ಬರುವುದು ತಾಯಿಯಿಂದ. ಮಗನಿಗೂ ಸಿಗುತ್ತದೆ, ಮಗಳಿಗೂ ಸಿಗುತ್ತದೆ. ಮುಂದಕ್ಕೆ ದಾಟಿಸುವವಳು ಮಗಳು. ಮಗನ ಪಾಲಿಗೆ ಅದು ಜೀವಮಾನದ ಅನುಭೋಗ.

ಹುಡುಗಿ ಪತ್ರವನ್ನು ಮುಂದಕ್ಕೆ ಓದಿದಳು. ಬೈಲುಗದ್ದೆ, ಬೆಟ್ಟುಗದ್ದೆ, ಬಾವಿ, ಹಲಸಿನ ಮರ, ಕೊಟ್ಟಿಗೆ, ತಾಮ್ರದ ಹಂಡೆ, ಎರಡು ಜೋಡಿ ಕೋಣ. ಎಲ್ಲವೂ ಇತ್ತು. ಮಾರಬೇಕೆಂದಿರುವ ತುಂಡು ಜಾಗವೂ ಇತ್ತು. ಆ ಜಾಗದಲ್ಲಿ ಒಂದು ಗುಡಿಸಲಿದೆ. ಹಂಚು ಹೊದೆಸಿದ್ದು ಇತ್ತೀಚೆಗೆ. ಅದರಲ್ಲಿರುವ ಮುದುಕಿಯ ತಾಯಿ, ಅಜ್ಜಿ ಎಲ್ಲರೂ ಈ ಮನೆಯ ಗದ್ದೆಯಲ್ಲೇ ನಟ್ಟಿ ನೆಟ್ಟವರು.

"ಇದ್ರಗೆ ಅವ್ರ್ ಹೆಸ್ರೇ ಇಲ್ಯಲೆ ಅಜ್ಜಯ್ಯ?"

"ಮಣ್ಣ್ ಬರ್ದ್ರೆ ಅವ್ರೂ ಬಂದಾಂಗೆ. ಬೇರೆ ಹೆಸ್ರ್ ಎಂತಕೆ?"

ಹಿರಿಯರು ಇದನ್ನು ದರ್ಪದಿಂದ ಹೇಳಲಿಲ್ಲ. ಮಳೆ ಆಷಾಢದಲ್ಲಿ ಬರುತ್ತದೆ ಎನ್ನುವಂತೆ ಹೇಳಿದರು.

ಅವರು ಹೇಳಿದ್ದು ಇತಿಹಾಸವೂ ಹೌದು. 1894ರಲ್ಲಿ ಹೊರಬಂದ ಸ್ಟರಕ್‌ನ ದಕ್ಷಿಣ ಕನ್ನಡದ ಕೈಪಿಡಿ ಈ ಸೀಮೆಯ ಬೇಸಾಯದ ಆಳುಗಳನ್ನು ಎರಡು ಬಗೆಯಾಗಿ ಹೇಳುತ್ತದೆ. ಸಾಲದ ಆಳು, ಪಡೆದ ಸಾಲಕ್ಕಾಗಿ ಒಡೆಯನಿಗೆ ಕಟ್ಟುಬಿದ್ದವನು. ಮೂಲದ ಆಳು, ತಲೆಮಾರಿನಿಂದ ಮೂಲಿ ವರ್ಗದ ಭೂಮಿಗೇ ಅಂಟಿಕೊಂಡವನು. ಒಬ್ಬನನ್ನು ಕಟ್ಟಿದ್ದು ಸಾಲ, ಇನ್ನೊಬ್ಬನನ್ನು ಹುಟ್ಟು. ಅದಕ್ಕೂ ಮೊದಲು, 1801ರ ಆರಂಭದಲ್ಲಿ ಕಂಪನಿಯ ಅಪ್ಪಣೆಯ ಮೇರೆಗೆ ಕೆನರಾವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗುಲಾಮರ ವಿಷಯವನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. 1843ರ ಐದನೆಯ ಕಾಯಿದೆ, ಮನುಷ್ಯನ ಮೇಲಿನ ಒಡೆತನವನ್ನು ಕೋರ್ಟು ಮಾನ್ಯ ಮಾಡಬಾರದೆಂದಿತು. ಮುಂದೆ ದಂಡಸಂಹಿತೆ ಅದನ್ನು ಅಪರಾಧವೆಂದೇ ಸಾರಿತು. ಹೀಗಾಗಿ ಆಮೇಲಿನ ಪತ್ರಗಳಲ್ಲಿ ಆಳುಗಳನ್ನು ಬರೆಯುವಂತಿರಲಿಲ್ಲ. ಬರೆಯುವ ಅಗತ್ಯವೂ ಬೀಳಲಿಲ್ಲ. ಗದ್ದೆ ಯಾವ ಕವರಿಗೆ ಹೋಯಿತೋ ಆಳು ಆ ಕವರಿನ ಅಂಗಳಕ್ಕೆ ಹೋದ.

ಬುಕಾನನ್ ಈ ಕರಾವಳಿಯಲ್ಲಿ ತಿರುಗುತ್ತಿದ್ದ ಆ ದಿನಗಳಲ್ಲೇ ಅಮೆರಿಕದ ವರ್ಜೀನಿಯದಲ್ಲಿ ಒಂದು ದೊಡ್ಡ ಮನೆಯ ಆಳುಗಳ ಲೆಕ್ಕ ಚುಕ್ತಾ ಆಗುತ್ತಿತ್ತು. ಮನೆ ಜಾರ್ಜ್ ವಾಷಿಂಗ್ಟನ್ನನದು. ಅಲ್ಲಿಯೂ ತಾಯಿಯೇ ಲೆಕ್ಕದ ಬುಡ, ಆದರೆ ಬೇರೆ ರೀತಿಯಲ್ಲಿ. ತಂದೆ ಯಾರೇ ಆಗಿರಲಿ, ತಾಯಿ ಗುಲಾಮಳಾದರೆ ಕೂಸೂ ಗುಲಾಮ ಎಂದು ವರ್ಜೀನಿಯ 1662ರಲ್ಲಿ ಕಾನೂನು ಮಾಡಿತ್ತು. ಇಂಗ್ಲೆಂಡಿನ ಪದ್ಧತಿಯಲ್ಲಿ ಮಗು ತಂದೆಯ ಸ್ಥಾನ ಪಡೆಯಬೇಕಿತ್ತು; ಆದರೆ ತಂದೆ ತೋಟದ ಒಡೆಯನೇ ಆಗಿರುತ್ತಿದ್ದ ಸಂದರ್ಭಗಳು ಕಡಿಮೆಯಿರಲಿಲ್ಲ. 1705ರಲ್ಲಿ ಇನ್ನೊಂದು ಹೆಜ್ಜೆ: ಉತ್ತರಾಧಿಕಾರದ ಮಟ್ಟಿಗೆ ಗುಲಾಮರು ಹೊಲಮನೆಯಂತೆಯೇ ಸ್ಥಿರಾಸ್ತಿ. ಕೊಕ್ಕರ್ಣೆಯ ಹಿರಿಯರ ಮಾತು ಅಲ್ಲಿ ಶಾಸನವಾಗಿತ್ತು.

ವಾಷಿಂಗ್ಟನ್ನನ ಹೆಂಡತಿ ಮಾರ್ಥಾಳಿಗೆ ಅದು ಎರಡನೆಯ ಮದುವೆ. ಮೊದಲ ಗಂಡ 1757ರಲ್ಲಿ ಉಯಿಲು ಬರೆಯದೆ ಸತ್ತಿದ್ದ. ವಿಧವೆಗೆ ಬಂದದ್ದು ಆಸ್ತಿಯ ಮೂರನೆಯ ಒಂದು ಪಾಲು, ಅದೂ ಜೀವಮಾನದ ಅನುಭೋಗ. ಆ ಪಾಲಿನಲ್ಲಿ ಗುಲಾಮರೂ ಇದ್ದರು. 1799ರಲ್ಲಿ ವಾಷಿಂಗ್ಟನ್ ತನ್ನ ತೋಟದ ಗುಲಾಮರ ಪಟ್ಟಿ ಮಾಡಿದ. ಒಟ್ಟು 317 ಜನ. ಅವರಲ್ಲಿ 123 ಮಂದಿ ಅವನವರು, 153 ಮಂದಿ ಹೆಂಡತಿಯ ಪಾಲಿನವರು, ಉಳಿದವರಲ್ಲಿ ಹೆಚ್ಚಿನವರು ಬಾಡಿಗೆಗೆ ತಂದವರು. ತನ್ನವರಿಗೆ ಮಾರ್ಥಾಳ ಕಾಲಾನಂತರ ಬಿಡುಗಡೆ ಎಂದು ಉಯಿಲು ಬರೆದ. ಆಕೆ ಕಾಯಲಿಲ್ಲ, 1801ರ ಜನವರಿ 1ರಂದೇ ಬಿಟ್ಟಳು. ತನ್ನ ಪಾಲಿನವರನ್ನು ಬಿಡುವ ಅಧಿಕಾರ ಆಕೆಗೂ ಇರಲಿಲ್ಲ, ಗಂಡನಿಗೂ ಇರಲಿಲ್ಲ. ಎರಡೂ ಪಾಲಿನವರು ಪರಸ್ಪರ ಮದುವೆಯಾಗಿದ್ದರು. ಗಂಡ ಸ್ವತಂತ್ರನಾದ ಮನೆಯಲ್ಲಿ ಹೆಂಡತಿ, ಅವಳ ಕಾರಣದಿಂದ ಮಕ್ಕಳು, ಗುಲಾಮರಾಗಿಯೇ ಉಳಿದರು. ಮಾರ್ಥಾ 1802ರಲ್ಲಿ ತೀರಿಕೊಂಡಾಗ ಅವರನ್ನು ಆಕೆಯ ನಾಲ್ವರು ಮೊಮ್ಮಕ್ಕಳಿಗೆ ಹಂಚಲಾಯಿತು.

ಆ ಪಟ್ಟಿಯಲ್ಲಿ ಹೆಸರುಗಳಿವೆ. ಯಾರ ಹೆಂಡತಿ ಯಾರು, ಯಾವ ತೋಟದಲ್ಲಿ, ಮಕ್ಕಳ ವಯಸ್ಸೆಷ್ಟು ಎಂಬುದೂ ಇದೆ. ಲೆಕ್ಕಕ್ಕಾಗಿ ಬರೆದದ್ದು, ಪ್ರೀತಿಗಾಗಿ ಅಲ್ಲ. ಆದರೂ ಇಂದು ಆ ಜನರ ವಂಶದವರು ತಮ್ಮ ಹಿರಿಯರನ್ನು ಹುಡುಕುವಾಗ ಅದೇ ಪಟ್ಟಿಯನ್ನು ತೆರೆಯುತ್ತಾರೆ. ಕೊಕ್ಕರ್ಣೆಯ ಗುಡಿಸಲಿನವರಿಗೆ ಅಂಥ ಕ್ರೂರ ಪಟ್ಟಿಯೂ ಇಲ್ಲ.

ಕಾಗದ ಆಗಬಹುದಾಗಿದ್ದ ಒಂದು ಕಾಲ ಬಂದು ಹೋಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಈ ಜಿಲ್ಲೆಯನ್ನು ತಲೆಕೆಳಗು ಮಾಡಿತು. ಗೇಣಿದಾರರು ಡಿಕ್ಲರೇಷನ್ ಕೊಟ್ಟು ಗದ್ದೆಯ ಒಡೆಯರಾದರು. ಮೂಲದ ಆಳಿನ ಬಳಿ ಗೇಣಿಚೀಟಿ ಇರಲಿಲ್ಲ, ಅವನು ಸೇರು ಲೆಕ್ಕದಲ್ಲಿ ಭತ್ತ ಪಡೆದವನು. ಕೂಲಿಗಾರರಿಗೆ ಮನೆಯ ಅಡಿಸ್ಥಳ ಸಿಗುವ ಅವಕಾಶ ಕಾಯಿದೆಯಲ್ಲಿತ್ತು. ಗುಡಿಸಲಿನವರು ಕೇಳಲಿಲ್ಲ. "ನಿಮ್ನ್ ಯಾರ್ ಏಳಿ ಅಂದ್ರ್?" ಎಂದು ಅಂದಿನ ಯಜಮಾನರು ಹೇಳಿದ್ದರಂತೆ. ಆ ಮಾತು ನಿಜವೇ ಆಗಿತ್ತು, ಯಾರೂ ಏಳಿ ಅನ್ನಲಿಲ್ಲ. ಆದರೆ ಜಾಗ ಕೊಳ್ಳಲು ಬಂದವನಿಗೆ ಆ ಮಾತು ಲೆಕ್ಕಕ್ಕೆ ಬರುವುದಿಲ್ಲ.

ಗುಡಿಸಲಿನ ಅಡಿಸ್ಥಳವನ್ನು ಮುದುಕಿಯ ಹೆಸರಿಗೆ ಬರೆಯುವವರೆಗೆ ತನ್ನ ಸಹಿ ಇಲ್ಲ ಎಂದಳು ಹುಡುಗಿ. ಅಣ್ಣಂದಿರ ಫೋನು ಮೇಲಿಂದ ಮೇಲೆ ಬಂತು. ಹಿರಿಯರು ಬಹಳ ಹೊತ್ತು ಮಾತಾಡದೆ ಕುಳಿತು, ಕೊನೆಗೆ, "ನಾಳೆ ಗೂಟ ಹೊಡೂಕ್ ಮುಂಚೆ ಅವ್ಳನ್ನ್ ಕರಿ" ಎಂದರು.

ಮರುದಿನ ಬೆಳಿಗ್ಗೆ ಮುದುಕಿ ಬಂದು ಅಂಗಳದ ಅಂಚಿನಲ್ಲಿ ನಿಂತಳು. ಜಗಲಿಗೆ ಬನ್ನಿ ಎಂದರೂ ಬರಲಿಲ್ಲ. ದಸ್ತಾವೇಜಿಗೆ ತಂದೆಯ ಹೆಸರೋ ಗಂಡನ ಹೆಸರೋ ಬೇಕು. ಅದನ್ನು ಬರೆದುಕೊಂಡ ಮೇಲೆ ಹುಡುಗಿ ತಾಯಿಯ ಹೆಸರನ್ನೂ ಕೇಳಿದಳು. ಮುದುಕಿ ಹೇಳಿದಳು. ತಾಯಿಯ ತಾಯಿಯ ಹೆಸರನ್ನೂ ಹೇಳಿದಳು. ಅದಕ್ಕೂ ಹಿಂದಿನವಳ ಹೆಸರು ಬಾಯಿಗೆ ಬರಲಿಲ್ಲ. ಒಳಗಿನಿಂದ ಹಿರಿಯರು ಆ ಹೆಸರನ್ನು ಹೇಳಿದರು. ವಿಭಾಗಪತ್ರದ ಜೆರಾಕ್ಸಿನ ಹಿಂಬದಿ ಖಾಲಿಯಿತ್ತು. ಹುಡುಗಿ ಮೂರನ್ನೂ ಅಲ್ಲಿ ಒಂದರ ಕೆಳಗೊಂದು ಬರೆದಳು. ಅಷ್ಟರಲ್ಲಿ ಸರ್ವೆಯವರ ಜೀಪು ತೋಟದ ದಾರಿಯಲ್ಲಿ ಕಂಡಿತು.