ಫಿಲೋಮಿನಾ ಚರ್ಚ್ ಅಂದುಕೊಂಡಿದ್ದ ಸ್ಟಾಂಪು

ಘಣಸೋಲಿಯ ಮಳೆಗಾಲ ಅಂದ್ರೆ ಬೀರು ಖಾಲಿ ಮಾಡಿ ಒರೆಸೋದೇ ಒಂದು ಕೆಲಸ. ಮೊನ್ನೆ ಹಾಗೆ ಒರೆಸುವಾಗ ನನ್ನ ಹಳೇ ಸ್ಟಾಂಪ್ ಆಲ್ಬಮ್ ಸಿಕ್ಕಿತು. ರಟ್ಟಿಗೆ ಬೂಷ್ಟು ಹಿಡಿದಿತ್ತು. ಜರ್ಮನಿಯ ಪುಟದಲ್ಲಿ ಅದೇ ಜೋಡಿ ಗೋಪುರ!

ನಮ್ಮ ಮನೆ ಮೈಸೂರಿನ ಅಶೋಕ ರಸ್ತೆಗೆ ಹತ್ತಿರ. ಸೇಂಟ್ ಫಿಲೋಮಿನಾ ಚರ್ಚಿನ ಗೋಪುರ ನೋಡ್ತಾನೇ ಬೆಳೆದವರು ನಾವು. ಕ್ಲಾಸಿನ ಹುಡುಗನೊಬ್ಬ ಈ ಸ್ಟಾಂಪು ತೋರಿಸಿದಾಗ ನನಗೆ ಅನುಮಾನವೇ ಬರಲಿಲ್ಲ, ನಮ್ಮ ಚರ್ಚು ಫಾರಿನ್ ಸ್ಟಾಂಪಿನಲ್ಲಿ ಬಂದಿದೆ! ಬದಲಿಗೆ ಅವನು ಕೇಳಿದ್ದು ಗೋಳಗುಮ್ಮಟದ ಆರಾಣೆ ಸ್ಟಾಂಪು, 1949ರ ಆಗಸ್ಟ್ 15ರಂದು ಬಂದ ಸರಣಿಯದು. ಅದು ನನ್ನದಲ್ಲ, ಅಣ್ಣನದು. ಅಜ್ಜ ಅವನಿಗೇ ಅಂತ ಕೊಟ್ಟಿದ್ದು. ಕೇಳದೆ ಕೊಟ್ಟುಬಿಟ್ಟೆ.

ಅಣ್ಣ ಭೂತಗನ್ನಡಿ ಹಿಡಿದು ನೋಡಿದ. "ಇದು ಜರ್ಮನಿ ಕಣೋ, ಕಲೋನ್ ಅನ್ನೋ ಊರಿನ ಚರ್ಚು" ಅಂದ. ಬೈಯಲಿಲ್ಲ. ಆದರೆ ಆಮೇಲೆ ಅವನು ಸ್ಟಾಂಪು ಕೂಡಿಸಲೇ ಇಲ್ಲ.

ತಪ್ಪು ಪೂರ್ತಿ ನನ್ನ ಕಣ್ಣಿನದಲ್ಲ ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು. ನಾಲ್ವಡಿಯವರು 1933ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಚರ್ಚಿಗೆ ಕಲೋನಿನದೇ ಮಾದರಿ. ನಮ್ಮ ಗೋಪುರ 175 ಅಡಿ, ಅಲ್ಲಿಯದು 157 ಮೀಟರ್, ಹತ್ತಿರ ಹತ್ತಿರ ಮೂರು ಪಟ್ಟು. ಕಟ್ಟೋಕೆ ಶುರು ಮಾಡಿದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ. ನಮ್ಮ ಮುಂಬಯಿಯ ಬಿಲ್ಡರುಗಳೇ ವಾಸಿ!

ನನ್ನ ಸ್ಟಾಂಪು 1948ರ ಸಾಮಾನ್ಯ ಸ್ಟಾಂಪು. ಅದೇ ವರ್ಷ ಚರ್ಚಿಗೆ ಏಳು ನೂರು ತುಂಬಿತು ಅಂತ ಬೇರೆ ನಾಲ್ಕು ಸ್ಟಾಂಪು ತಂದಿದ್ದರು. ಅವುಗಳಲ್ಲಿ ಒಂದರ ಮೇಲೆ ಬೆಲೆ 6+4 ಅಂತ ಇರುತ್ತೆ. ಆರು ಫೆನ್ನಿಗ್ ಟಪಾಲಿಗೆ, ನಾಲ್ಕು ಚರ್ಚಿನ ರಿಪೇರಿಗೆ. ಯುದ್ಧದಲ್ಲಿ ಬಾಂಬು ಬಿದ್ದಿತ್ತಲ್ಲ. ಆಸ್ಟ್ರಿಯಾದವರು ವಿಯೆನ್ನಾದ ಸೇಂಟ್ ಸ್ಟೀಫನ್ ಚರ್ಚಿಗೆ 1946ರಲ್ಲೇ ಹೀಗೆ ಹತ್ತು ಸ್ಟಾಂಪು ತಂದಿದ್ದರು. ಊರೇ ಪಾಳು ಬಿದ್ದಿರುವಾಗ ಕಾಗದ ಬರೆಯುವವರಿಂದ ನಾಲ್ಕು ಕಾಸು ಕೂಡಿಸಿ ಕಲ್ಲು ಜೋಡಿಸೋದು... ನನಗಂತೂ ಇದು ಬಹಳ ಹಿಡಿಸಿತು.

ಲ್ಯೂಬೆಕ್ ಅನ್ನೋ ಊರಿನ ಕಥೆ ಇನ್ನೂ ಮಜವಾಗಿದೆ. ಅಲ್ಲಿನ ಸೇಂಟ್ ಮೇರಿ ಚರ್ಚು 1942ರ ಬಾಂಬ್ ದಾಳಿಯಲ್ಲಿ ಸುಟ್ಟಾಗ ಸುಣ್ಣ ಉದುರಿ ಹಳೇ ಚಿತ್ರಗಳು ಕಂಡವು. ರಿಪೇರಿ ಮುಗಿದು 1951ರಲ್ಲಿ ಆ ಗೋಡೆಚಿತ್ರಗಳದೇ ಎರಡು ಸ್ಟಾಂಪು ಬಂದವು. ಮರುವರ್ಷ ಲೋಥಾರ್ ಮಾಲ್ಸ್ಕಾಟ್ ಎಂಬ ಕಲಾವಿದ "ಅದರಲ್ಲಿ ಎಷ್ಟೋ ನಾನೇ ಬರೆದದ್ದು" ಅಂದ. ಯಾರೂ ನಂಬಲಿಲ್ಲ. ಕೊನೆಗೆ ವಕೀಲನಿಂದ ತನ್ನ ಮೇಲೆ ತಾನೇ ದೂರು ಕೊಡಿಸಿಕೊಂಡು ಜೈಲಿಗೂ ಹೋದ. ತಪ್ಪು ಒಪ್ಪಿಕೊಳ್ಳೋಕೆ ಅಷ್ಟು ಕಷ್ಟ ಬಿದ್ದ ಪುಣ್ಯಾತ್ಮ! ನಾನು ಅಣ್ಣನ ಹತ್ತಿರ ಇವತ್ತಿನವರೆಗೂ ಒಂದು ಮಾತು ಆಡಿರಲಿಲ್ಲ.

ಶನಿವಾರ ವಾಶಿಯಲ್ಲಿ ಗಾಡಿ ಬದಲಿಸಿ ಫೋರ್ಟಿಗೆ ಹೋದೆ. ಪರಿಚಯದ ಸ್ಟಾಂಪು ವ್ಯಾಪಾರಿಯ ಹತ್ತಿರ ಆರಾಣೆಯ ಗುಮ್ಮಟ ಸಿಕ್ಕಿತು. ಚೌಕಾಸಿ ಮಾಡಲಿಲ್ಲ. ಅಲ್ಲಿಂದ ನೇರ ಜಿಪಿಓಗೆ ನಡೆದೆ. ಜಾನ್ ಬೆಗ್ ವಿನ್ಯಾಸದ, 1913ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟಕ್ಕೂ ನಮ್ಮ ಬಿಜಾಪುರದ್ದೇ ಮಾದರಿ. ಅದರ ಕೆಳಗೆ ನಿಂತು ಸ್ಪೀಡ್ ಪೋಸ್ಟ್ ಮಾಡಿದೆ. ಜೊತೆಗೆ ಒಂದು ಚೀಟಿ: "ಅಣ್ಣ, ಅವತ್ತು ಕೇಳದೆ ಕೊಟ್ಟಿದ್ದೆ, ತಪ್ಪಾಯ್ತು."

ಬುಧವಾರ ಫೋನ್ ಬಂತು.

"ಗುಮ್ಮಟ ಬಂತು ಕಣೋ. ಆ ಚರ್ಚಿನ ಸ್ಟಾಂಪು ಇನ್ನೂ ಇದೆಯಾ?"

"ಇದೆ. ಕಳಿಸಲಾ?"

"ಬೇಡ. ದಸರಾಕ್ಕೆ ಬರ್ತೀಯಲ್ಲ, ಆಗ ತಗೊಂಡು ಬಾ. ಚರ್ಚಿನ ಮುಂದೆ ಹಿಡಿದು ನೋಡೋಣ, ನೀನು ಎಷ್ಟು ಪೆದ್ದ ಅಂತ."