ಅಣ್ಣ ಬರುವ ಹೊತ್ತಿಗೆ ಸ್ಟ್ರಾಬೆರಿ



ನಮ್ಮ ನೀಲಗಿರಿಯಲ್ಲಿ ಓದು ಮುಗಿಸಿದವರಲ್ಲಿ ಹಲವರು ಕೊಯಮತ್ತೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಅಣ್ಣನೂ ಹಾಗೆಯೇ. ಕ್ರಿಸ್ಮಸ್‌ಗೆ ನಾಲ್ಕು ದಿನ ಬಂದು ಹೋಗುತ್ತಾನೆ. ಹಿತ್ತಲಲ್ಲಿ ಸ್ಟ್ರಾಬೆರಿ ಬೆಳೆಸುತ್ತೇವೆ ಎಂದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಅವನು ಬಂದಾಗ ಹಣ್ಣು ಇರುತ್ತಾ?"

ಅದಕ್ಕೇ ಬೇಗ ಹಣ್ಣು ಕೊಡುವ ಸ್ವೀಟ್ ಚಾರ್ಲಿ ತಳಿ ತಂದೆವು. ಫ್ಲಾರಿಡಾ ವಿಶ್ವವಿದ್ಯಾಲಯ 1992ರಲ್ಲಿ ಹೊರತಂದ ತಳಿ ಇದು, ಹುಳಿ ಕಡಿಮೆ. ಹಗಲು ಚಿಕ್ಕದಾಗಿ ಚಳಿ ಶುರುವಾದಾಗ ಹೂ ಬಿಡುತ್ತದೆ.

ಸೆಪ್ಟೆಂಬರಿನಲ್ಲಿ ಎತ್ತರದ ಪಾತಿ ಮಾಡಿ, ಹಳೆಯ ಸಗಣಿ ಗೊಬ್ಬರ ಬೆರೆಸಿ, ಒಂದಡಿ ಅಂತರದಲ್ಲಿ ಸಸಿ ನೆಟ್ಟೆವು. ಎಲೆ ಹೊರಡುವ ಬುಡ ಮಣ್ಣಿನ ಮಟ್ಟಕ್ಕೇ ಇರಬೇಕು. ಹೂತರೆ ಕೊಳೆಯುತ್ತದೆ, ಮೇಲಿದ್ದರೆ ಬೇರು ಒಣಗುತ್ತದೆ. ಹಿಂಗಾರು ಮಳೆಗೆ ಹಣ್ಣು ಮಣ್ಣಿಗೆ ತಾಗಿ ಬೂಷ್ಟು ಹಿಡಿಯದಂತೆ ಒಣಹುಲ್ಲು ಹಾಸಿದೆವು. ಪಿಕಳಾರಗಳಿಗೆಂದು ಬಲೆ ಕಟ್ಟಿದೆವು.

ಅಕ್ಟೋಬರಿನ ಮೊದಲ ಹೂಗಳನ್ನು ಕಿತ್ತೆವು. ಆಗ ಗಿಡ ಬೇರಿಗೆ, ಎಲೆಗೆ ಬಲ ಕೊಡುತ್ತದೆ. ಅಮ್ಮನಿಗೆ ನೋಡಲಾಗಲಿಲ್ಲ. "ಬಿಟ್ಟ ಹೂವನ್ನು ಕೀಳ್ತೀರಲ್ಲ!" ಹೂ ಅರಳಿ ಹಣ್ಣಾಗಲು ಸುಮಾರು ಒಂದು ತಿಂಗಳು, ಚಳಿಯಲ್ಲಿ ಇನ್ನೂ ಕೆಲವು ದಿನ ಬೇಕು. ಕ್ರಿಸ್ಮಸ್‌ನಿಂದ ಹಿಂದಕ್ಕೆ ಎಣಿಸಿ, ನವೆಂಬರಿನ ಹೂಗಳನ್ನು ಉಳಿಸಿದೆವು.

ಡಿಸೆಂಬರಿನಲ್ಲಿ ಹಣ್ಣು ಕೆಂಪಾಯಿತು. ಆದರೆ ಅಣ್ಣನಿಗೆ ರಜೆ ಸಿಗಲಿಲ್ಲ. ಫೋನ್ ಇಟ್ಟ ಮೇಲೆ ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಸ್ಟ್ರಾಬೆರಿ ಯಾರಿಗೂ ಕಾಯುವ ಹಣ್ಣಲ್ಲ. ಪೂರ್ತಿ ಕೆಂಪಾದ ಮೇಲೆಯೇ ಕೊಯ್ಯಬೇಕು, ಕೊಯ್ದ ಮೇಲೆ ಸಿಹಿ ಹೆಚ್ಚುವುದಿಲ್ಲ; ಎರಡು ಮೂರು ದಿನದಲ್ಲಿ ಮೆತ್ತಗಾಗುತ್ತದೆ. ಕ್ರಿಸ್ಮಸ್ ದಿನ ಅಮ್ಮನೇ ಬಟ್ಟಲು ತುಂಬಿಸಿ, ಕೆಳಗಿನ ಬೀದಿಯ ಅಜ್ಜ ಅಜ್ಜಿಗೆ ಕೊಟ್ಟು ಬರಲು ಹೇಳಿದರು. ಅವರ ಮಕ್ಕಳೂ ಆ ವರ್ಷ ಬಂದಿರಲಿಲ್ಲ. ಅಜ್ಜಿ ಒಂದು ಹಣ್ಣು ತಿಂದು, ನಮ್ಮನ್ನು ಕೂರಿಸಿ, ತಮ್ಮ ಮಕ್ಕಳ ಸುದ್ದಿಯನ್ನೆಲ್ಲ ಹೇಳಿದರು. ಎದ್ದು ಬರುವಾಗ ಕತ್ತಲಾಗಿತ್ತು.

ಅಣ್ಣ ಪೊಂಗಲ್‌ಗೆ ಬಂದ. ಗಿಡದಲ್ಲಿ ಇನ್ನೂ ಹೂ, ಕಾಯಿ, ಹಣ್ಣು ಮೂರೂ ಇದ್ದವು.

ಹಗಲು ಉದ್ದವಾದಾಗ ಗಿಡ ಬಳ್ಳಿ ಚಾಚಿ ಮರಿಸಸಿ ಮಾಡುತ್ತದೆ. ಬೇಕಾದವರು ಭಾನುವಾರ ಪೂಜೆ ಮುಗಿದ ಮೇಲೆ ಹೇಳಿ, ತಂದು ಕೊಡುತ್ತೇವೆ. ಒಂದೇ ಷರತ್ತು: ನಿಮ್ಮ ಬೀದಿಯಲ್ಲೂ ಮಕ್ಕಳು ದೂರ ಇರುವ ಒಂದು ಮನೆ ಇರುತ್ತದೆ. ಮೊದಲ ಬಟ್ಟಲು ಆ ಮನೆಗೆ.