ಮೂರು ಇಂಚಿನ ಲೆಕ್ಕ

ಲಾಸ್ ಏಂಜಲಿಸ್ ಮಹಾನಗರಕ್ಕೆ ಬಂದ ಪ್ರವಾಸಿಕರು ಸಾಮಾನ್ಯವಾಗಿ ಹಾಲಿವುಡ್ಡನ್ನು ನೋಡಿ, ಕಡಲ ತೀರದಲ್ಲಿ ಒಂದು ಸಂಜೆ ಕಳೆದು ಹಿಂದಿರುಗುತ್ತಾರೆ. ಪೂರ್ವ ದಿಕ್ಕಿಗೆ ಹೋಗುವವರು ವಿರಳ. ಮೆಕ್ಸಿಕೋ ಮೂಲದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ ಈಸ್ಟ್ ಲಾಸ್ ಏಂಜಲಿಸ್ ಇರುವುದು ಅಲ್ಲಿ. ಅದರ ನಡುವೆ ಹಾಯ್ದುಹೋಗುವುದು ವಿಟಿಯರ್ ಬುಲೆವಾರ್ಡ್ ಎಂಬ ಅಗಲವಾದ ಬೀದಿ. ರಜೆಯ ಸಂಜೆ ಆ ಬೀದಿಯ ದೊಡ್ಡ ಕಮಾನಿನ ಬಳಿ ನಿಂತವರಿಗೆ ಒಂದು ವಿಚಿತ್ರ ಮೆರವಣಿಗೆ ಕಣ್ಣಿಗೆ ಬೀಳುವುದುಂಟು. ಕನ್ನಡಿಯಂತೆ ಹೊಳೆಯುವ ಹಳೆಯ ಕಾರುಗಳು, ಪಿಕಪ್ ಲಾರಿಗಳು ಒಂದರ ಹಿಂದೊಂದು ಮಂದಗತಿಯಲ್ಲಿ ಸಾಗುತ್ತವೆ. ಒಂದೊಂದರ ಹೊಟ್ಟೆಯೂ ನೆಲವನ್ನು ಮುಟ್ಟಿತೋ ಎಂಬಷ್ಟು ತಗ್ಗು!

ಇವುಗಳಿಗೆ ಲೋರೈಡರ್ ಎಂದು ಹೆಸರು. ಎರಡನೆಯ ಮಹಾಯುದ್ಧದ ಅನಂತರದ ವರ್ಷಗಳಲ್ಲಿ ಕ್ಯಾಲಿಫೋರ್ನಿಯದ ಇತರ ತರುಣರು ವೇಗದ ಬೆನ್ನು ಹತ್ತಿದ್ದರು. ಇಲ್ಲಿಯ ತರುಣರಾದರೋ ಗಾಡಿಯ ಹಿಂಬದಿಯಲ್ಲಿ ಮರಳಿನ ಮೂಟೆಗಳನ್ನು ಹೇರಿ ಅದನ್ನು ತಗ್ಗಿಸಿದರು, ನಿಧಾನವಾಗಿ ನಡೆಸಿದರು. ಊರ ಕಣ್ಣಿಗೆ ಕಾಣದ ಜನ ತಾವೂ ಇದ್ದೇವೆಂದು ತೋರಿಸಿಕೊಂಡ ಬಗೆಯಿದು.

ಮರಳಿನ ಮೂಟೆಯ ಕಾಲ ಕಳೆಯಿತು. ಇಂದು ಅನೇಕರ ಅಕ್ಕರೆಯ ಲಾರಿಯೆಂದರೆ 1967ರಿಂದ 1972ರವರೆಗೆ ತಯಾರಾದ ಷೆವರ್ಲೆ ಸಿ-10. ಒಂದು ಕಾಲಕ್ಕೆ ತಂದೆ ಸಾಮಾನು ಹೇರಿ ದುಡಿದ ಗಾಡಿಯನ್ನು ಮಗ ಮನೆಯ ಷೆಡ್ಡಿಗೆ ತಂದು ಅಲಂಕರಿಸುವುದುಂಟು. ಅದರ ಮುಂಭಾಗವನ್ನು ತಗ್ಗಿಸಲು ಮೂರು ದಾರಿಗಳಿವೆ: ಸುರುಳಿ ಸ್ಪ್ರಿಂಗನ್ನು ಕತ್ತರಿಸುವುದು, ಗಿಡ್ಡ ಸ್ಪ್ರಿಂಗು ಕೂರಿಸುವುದು, ಇಲ್ಲವೆ ಚಕ್ರವನ್ನು ಹೊರುವ ಸ್ಪಿಂಡಲನ್ನೇ ಬದಲಿಸುವುದು. ಹೊಸ ಸ್ಪಿಂಡಲಿನಲ್ಲಿ ಚಕ್ರದ ಕೀಲು ಮೇಲಕ್ಕೆ ಸರಿದಿರುತ್ತದೆ. ಆದ್ದರಿಂದ ಸ್ಪ್ರಿಂಗನ್ನು ಮುಟ್ಟದೆಯೇ ಗಾಡಿ ಇಳಿಯುತ್ತದೆ, ಸವಾರಿಯ ಸುಖವೂ ಉಳಿಯುತ್ತದೆ.

ಕತ್ತರಿಸುವ ದಾರಿಯಲ್ಲಿಯೇ ಮೋಸ ಹೆಚ್ಚು. ಸ್ಪ್ರಿಂಗು ಚಕ್ರದ ನೇರಕ್ಕಿಲ್ಲ. ಒಳಗಿನ ತೋಳಿನ ನಡುಭಾಗದಲ್ಲಿ ಕುಳಿತಿದೆ. ಏತದ ಮರದಲ್ಲಿ ನಡುವಿನ ಗೇಣು ತುದಿಯಲ್ಲಿ ಮೊಳವಾಗುವಂತೆ, ಸ್ಪ್ರಿಂಗಿನ ಬಳಿ ಒಂದು ಇಂಚು ತಗ್ಗಿದರೆ ಚಕ್ರದ ಬಳಿ ಸುಮಾರು ಎರಡು ಇಂಚು ತಗ್ಗುತ್ತದೆ. ಅದರ ಮೇಲೆ, ಕತ್ತರಿಸಿದ ಸ್ಪ್ರಿಂಗು ಮೊದಲಿಗಿಂತ ಬಿರುಸಾಗುತ್ತದೆ. ಒಂದು ಸುತ್ತು ಹೆಚ್ಚಾಗಿ ಹೋಯಿತೆಂದು ಪೇಚಾಡಿ ಫಲವಿಲ್ಲ. ಕತ್ತರಿಸಿದ ಉಕ್ಕು ಮತ್ತೆ ಚಿಗುರುವುದಿಲ್ಲ.

ಕೊಂಡು ತಂದ ಸ್ಪ್ರಿಂಗಿನ ಪೆಟ್ಟಿಗೆಯ ಮೇಲೆ ‘ಮೂರು ಇಂಚು’ ಎಂದು ಅಚ್ಚಾಗಿರಬಹುದು. ಅದು ಕಾರ್ಖಾನೆಯಿಂದ ಹೊರಬಿದ್ದ ದಿನದ ಎತ್ತರಕ್ಕೆ ಹೋಲಿಸಿದ ಲೆಕ್ಕ. ಐವತ್ತು ವರ್ಷ ಭಾರ ಹೊತ್ತ ಲಾರಿ ತಾನಾಗಿಯೇ ಒಂದು ಇಂಚು ಕುಸಿದಿದ್ದರೆ, ಹೊಸ ಸ್ಪ್ರಿಂಗಿನಿಂದ ಇಳಿಯುವುದು ಎರಡೇ ಇಂಚು.

ಅನುಭವಿಗಳು ಆದಕಾರಣ ಗಾಡಿಯನ್ನು ಬಿಚ್ಚುವ ಮೊದಲೇ ಅಳೆಯುತ್ತಾರೆ. ಗಾಡಿ ಸಮನೆಲದಲ್ಲಿ ನಿಂತಿರಬೇಕು. ನೆಲದಿಂದ ಅಳೆದರೆ ಟೈರಿನ ಗಾತ್ರವೂ ಗಾಳಿಯೂ ಲೆಕ್ಕದೊಳಗೆ ನುಸುಳುತ್ತವೆ. ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದರೆ ಆ ತೊಡಕಿಲ್ಲ. ಎಡಬಲಗಳೆರಡನ್ನೂ ಬರೆದಿಡಬೇಕು. ಕೆಲಸ ಮುಗಿದು ಜಾಕು ಇಳಿಸಿದೊಡನೆ ಟೇಪು ಹಿಡಿಯುವುದು ಆತುರ. ಒಳಸರಿದ ಟೈರುಗಳು ನೆಲವನ್ನು ಕಚ್ಚಿ ಗಾಡಿಯನ್ನು ಎತ್ತರದಲ್ಲೇ ತಡೆದಿರುತ್ತವೆ. ಬೀದಿಯಲ್ಲಿ ಸ್ವಲ್ಪ ದೂರ ಓಡಿಸಿ ತಂದ ಮೇಲೆ ಅದು ತನ್ನ ನಿಜವಾದ ನೆಲೆಗೆ ಕೂರುತ್ತದೆ. ಮೊದಲು 20 ಇಂಚು ಇದ್ದದ್ದು ಈಗ 17 ಆಗಿದ್ದರೆ, ಇಳಿದದ್ದು ಮೂರು ಇಂಚು. ಆಮೇಲೆ ಚಕ್ರಗಳ ಓರೆಯನ್ನು ಸರಿಪಡಿಸಬೇಕು. ಇಲ್ಲವಾದರೆ ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ತಿರುವಿನಲ್ಲಿ ಟೈರು ಎಲ್ಲಿಯೂ ಉಜ್ಜದೆಂದು ನೋಡಿಕೊಳ್ಳಬೇಕು.

ಈ ಬೀದಿಯಲ್ಲಿ ಅಳತೆಪಟ್ಟಿಯನ್ನು ಹಿಡಿದವರು ಮಾಲೀಕರಷ್ಟೇ ಅಲ್ಲ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಕಾನೂನು, ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ತಗ್ಗಾಗುವಂತೆ ಮಾರ್ಪಡಿಸಬಾರದೆಂದು ಕಟ್ಟಳೆ ಮಾಡಿತು. ದಂಡ ತೆತ್ತು ಬೇಸತ್ತ ರಾನ್ ಅಗೀರೆ 1959ರಲ್ಲಿ ತನ್ನ ಕಾರ್ವೆಟ್ ಕಾರಿಗೆ ವಿಮಾನಗಳಲ್ಲಿ ಬಳಸುವಂತಹ ಹೈಡ್ರಾಲಿಕ್ ಯಂತ್ರವನ್ನು ಜೋಡಿಸಿದ. ಪೊಲೀಸರು ಕಂಡಾಗ ಗಾಡಿ ಏಳುವುದು, ಅವರು ಮರೆಯಾದಾಗ ಇಳಿಯುವುದು! ಮುಂದೆ ಅನೇಕ ಊರುಗಳು ಈ ನಿಧಾನದ ಸವಾರಿಯನ್ನೇ ನಿಷೇಧಿಸಿದವು. 2023ರಲ್ಲಿ ರಾಜ್ಯದ ಶಾಸನಸಭೆ ಮನಸ್ಸು ಬದಲಿಸಿತು. ರಿಮ್ಮಿನ ಕಟ್ಟಳೆಯೂ ಊರೂರ ನಿಷೇಧಗಳಿಗಿದ್ದ ಅಧಿಕಾರವೂ 2024ರ ಜನವರಿ 1ರಂದು ಕೊನೆಗೊಂಡವು.

ಕಾನೂನಿನ ಅಂಜಿಕೆ ಹೋಯಿತು. ಟೇಪಿನ ಕೆಲಸ ಹೋಗಲಿಲ್ಲ. ರಸ್ತೆಯ ಉಬ್ಬುತಗ್ಗುಗಳಿಗೆ ಶಾಸನಸಭೆಯ ದಾಕ್ಷಿಣ್ಯವಿಲ್ಲ. ತಂದೆಯ ಲಾರಿಯನ್ನು ಕಮಾನಿನ ಕೆಳಗೆ ಮೆಲ್ಲನೆ ನಡೆಸಿಕೊಂಡು ಬರುವ ಮಗ ಪಕ್ಕದಲ್ಲಿ ಕುಳಿತ ಮುದುಕನಿಗೆ ಕುಲುಕಾಟವಿಲ್ಲದ ಸವಾರಿ ಕೊಡಬೇಕಾದರೆ, ಪೆಟ್ಟಿಗೆಯ ಮೇಲಿನ ಮಾತನ್ನು ಬಿಟ್ಟು, ತನ್ನ ಕೈಯಾರೆ ಅಳೆದ ಆ ಮೂರು ಇಂಚನ್ನೇ ನಂಬಬೇಕು.